ಪರದೆಯ ಮೇಲಿದ್ದ ಹನ್ನೊಂದು

ಫೆಬ್ರವರಿ ೩

ಗೂಬೆ,

ನಿನ್ನ ಕಾಗದ ಬಂತು. ಸಮುದ್ರದ ನಡುವೆ ಒಂದು ಬಂಡೆ ಮೇಲೆ ಕೂತು, ಗಾಳಿ ಎಷ್ಟಿದೆ ನೋಡಿ, ಬಂದರಿನ ಬೋಟಿಗೆ ಹಸಿರು ದೀಪವೋ ಕೆಂಪು ದೀಪವೋ ಹಾಕೋದು ಒಂದು ಕೆಲಸ, ಅದಕ್ಕೆ ಸಂಬಳ ಬೇರೆ ಕೊಡ್ತಾರೆ ಅನ್ನೋದನ್ನ ಅಮ್ಮ ಇನ್ನೂ ನಂಬಿಲ್ಲ. ಫೋನು ಸಿಗದ ಜಾಗದಲ್ಲಿ ಮಗ ಇದ್ದಾನೆ ಅಂದ್ರೆ ಏನೋ ಮಾಡಿ ತಲೆಮರೆಸಿಕೊಂಡಿದ್ದಾನೆ ಅಂತಲೇ ಅವಳ ಗುಮಾನಿ. ನಿನ್ನ ಪರ ವಾದ ಮಾಡಿ ಮಾಡಿ ನನಗೆ ಸಾಕಾಗಿದೆ.

ಹೊಸ ಮೆಷಿನ್ ಬಂದಿದೆ ಅಂತ ಬರೆದಿದ್ದೆಯಲ್ಲ, ಇನ್ಮೇಲೆ ಅದರ ಮುಂದೆ ಸ್ವಲ್ಪ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತ್ಕೊ. ಅದರೊಳಗಿನ ಆಪರೇಟಿಂಗ್ ಸಿಸ್ಟಮ್ ನಮ್ಮ ಕಂಪನಿಯದು. ಅದರ ಕರ್ನಲ್ಲಿನಲ್ಲಿ, ಅಂದ್ರೆ ಎಲ್ಲಕ್ಕೂ ಅಡಿಯಲ್ಲಿರೋ ಬುಡದಲ್ಲಿ, ಗಾಳಿಯ ಅಂಕಿ ಬರೆಯೋ ಓದೋ ವ್ಯವಸ್ಥೆ ನಿನ್ನ ಅಕ್ಕನದು. ಮುಂಚೆ ಅಲ್ಲಿ ಒಂದು ಲಾಕ್ ಇತ್ತು. ಓದೋರು ಎಷ್ಟು ಜನ ಬೇಕಾದ್ರೂ ಒಟ್ಟಿಗೆ ಒಳಗೆ ಹೋಗಬಹುದು, ಬರೆಯೋನು ಮಾತ್ರ ಒಬ್ಬನೇ ಹೋಗಬೇಕು. ಆದರೆ ಓದೋರು ಒಬ್ಬರ ಹಿಂದೆ ಒಬ್ಬರು ಬರ್ತಾನೇ ಇದ್ರೆ ಬರೆಯೋನು ಬಾಗಿಲಲ್ಲೇ ನಿಂತಿರಬೇಕು. ನಾವೆಲ್ಲ ಟಿವಿ ಮುಂದೆ ಕಾಲು ಚಾಚಿ ಕೂತು ಅಮ್ಮನಿಗೆ ಕಸ ಗುಡಿಸೋಕೆ ಬಿಡ್ತಿರಲಿಲ್ಲವಲ್ಲ, ಹಾಗೆ. ನಾನು ಲಾಕನ್ನೇ ಕಿತ್ತು ಹಾಕಿದೆ. ಈಗ ಬರೆಯೋನು ಅಂಕಿ ಬರೆದು 'ಹೊಸದು ಬಂತು' ಅಂತ ಒಂದು ಬಾವುಟ ಎತ್ತುತ್ತಾನೆ. ಓದೋನು ಬಾವುಟ ನೋಡಿ ಅಂಕಿ ತಗೋತಾನೆ. ಯಾರೂ ಯಾರಿಗೂ ಕಾಯೋ ಹಾಗಿಲ್ಲ. ಮೀಸೆ (ನಮ್ಮ ಮ್ಯಾನೇಜರ್ ಕಣೋ, ಮೀಸೆ ಬಿಟ್ಟರೆ ಅವರಲ್ಲಿ ವರ್ಣಿಸೋಕೆ ಏನೂ ಇಲ್ಲ) ಎಲ್ಲರ ಮುಂದೆ ಹೊಗಳಿದರು. ಏಪ್ರಿಲ್‌ನಿಂದ ನಮ್ಮ ಗುಂಪಿಗೆ ನಾನೇ ಮುಖ್ಯಸ್ಥೆ.

ಅಂಕಿ ಒಂದು ಸಲ ನೋಡಿ, ಪರದೆ ಬದಲಾಗೋವರೆಗೆ ಹತ್ತು ನಿಮಿಷ ಕಾದು, ಮತ್ತೆ ನೋಡಿ ಆಮೇಲೆ ದೀಪ ಹಾಕೋದು ನಿಮ್ಮ ಪದ್ಧತಿ ಅಂದಿದ್ದೆ. ಅದು ಮುಳ್ಳಿನ ಮೀಟರ್ ಕಾಲದ್ದು. ಪರದೆ ಮೇಲೆ ಬಂತು ಅಂದ್ರೆ ಪೂರ್ತಿ ಬಂತು ಅಂತಲೇ ಅರ್ಥ. ಒಂದು ಸಲ ನೋಡು ಸಾಕು, ನನ್ನ ಮಾತು. ಉಳಿದ ಹತ್ತು ನಿಮಿಷದಲ್ಲಿ ನನಗೆ ಕಾಗದ ಬರಿ.

ನಿನ್ನ ಅಕ್ಕ


ಫೆಬ್ರವರಿ ೧೯

ಅಕ್ಕ,

ನಿನ್ನ ಜಂಭದ ಕಾಗದವನ್ನ ಬೋಟ್ ಮಾವ ತಂದುಕೊಟ್ಟ. ಸ್ವಂತ ಮಾವ ಏನಲ್ಲ. ಬಂದರಿನ ಬೋಟ್ ಓಡಿಸೋನು. ನಮಗೆ ಟಪಾಲು, ತರಕಾರಿ, ದಡದ ಚಾಡಿ ಎಲ್ಲಾ ತರೋನು ಅವನೇ. ಲಕೋಟೆ ಕೈಯಲ್ಲಿ ತೂಗಿ, "ಇಷ್ಟು ಬರೀತಾಳಲ್ಲ, ಮನೇಲಿ ಗಂಡ ಮಾತಾಡೋಕೆ ಬಿಡಲ್ವೇನೋ?" ಅಂದ. ಅವಳಿಗೆ ಗಂಡನೇ ಇಲ್ಲ ಅಂದೆ. "ಅದಕ್ಕೇ" ಅಂದ.

ನಿನ್ನ ಮಾತನ್ನ ಇಲ್ಲಿ ಓದಿ ಹೇಳಿದೆ. ಯಜಮಾನರು, ನಮ್ಮ ಹಿರಿಯರು, ಮೊದಲು ಗೊಣಗಿದರು. ಎರಡು ಸಲ ನೋಡಿ ಯಾರೂ ಕೆಟ್ಟಿಲ್ಲ ಅಂತ. ಬರೆದವಳೇ ಹೇಳ್ತಿದ್ದಾಳೆ ಅಂದೆ. ಆಮೇಲೆ ಅವರೂ ಬಿಟ್ಟರು. ಈಗ ಇಲ್ಲಿ ಪಾಳಿ ಮಾಡೋ ಮೂವರೂ ಒಂದೇ ಸಲ ನೋಡಿ ದೀಪ ಹಾಕೋದು. ಬಂದರಿನವರು ನಮ್ಮನ್ನ ಚುರುಕು ಅಂತಿದ್ದಾರೆ. ಈ ಬಂಡೆಗೆ ಆ ಹೆಸರು ಬಂದದ್ದು ಇದೇ ಮೊದಲು.

ಅಮ್ಮನಿಗೆ ನಾನು ಯಾರನ್ನೂ ಕೊಂದಿಲ್ಲ ಅಂತ ಹೇಳು.

ಗೂಬೆ


ಮಾರ್ಚ್ ೯

ಅಕ್ಕ,

ಮಾವನ ಬಲಗಾಲು ಹೋಯಿತು. ಮೊಣಕಾಲಿನ ಕೆಳಗೆ ತೆಗೆದರು.

ಗುರುವಾರ ಮಧ್ಯಾಹ್ನ. ಪಾಳಿ ನನ್ನದು. ಪರದೆ ಮೇಲೆ ಗಾಳಿ ಹನ್ನೊಂದು ಅಂತ ಇತ್ತು. ಹಸಿರು ಹಾಕಿದೆ. ಮಾವ ತಡೆಗೋಡೆ ದಾಟಿ ಬಂದ. ಗಾಳಿ ಅಳೆಯೋ ಕಂಬ ಇರೋದು ಹೊರಗಿನ ಬಂಡೆ ಸಾಲಿನಲ್ಲಿ, ಅಲ್ಲಿ ಬೀಸಿದ್ದು ನಮಗೆ ತಲುಪೋಕೆ ಸ್ವಲ್ಪ ಹೊತ್ತು ಬೇಕು. ತಲುಪಿದಾಗ ಬೋಟನ್ನ ಎತ್ತಿ ಗೋಡೆಗೆ ಬಡಿಯಿತು. ಕಾಲು ಎರಡರ ನಡುವೆ ಸಿಕ್ಕಿತು. ನಾನು ಗಾಜಿನ ಹಿಂದೆ ನಿಂತು ನೋಡ್ತಾ ಇದ್ದೆ.

ದಾಖಲೆ ತೆಗೆದು ನೋಡಿದರು. ಆ ಹೊತ್ತಿಗೆ ಮೂವತ್ತನಾಲ್ಕು ಅಂತ ಇದೆ, ಕೆಂಪು ಹಾಕಬೇಕಾದ ಗಾಳಿ. ನಾನು ತಪ್ಪು ಓದಿದೆ ಅಂತಾರೆ. ನನಗೆ ಹನ್ನೊಂದು ಅಂತ ಕಂಡಿತ್ತು. ಮೆಷಿನ್ ಬಗ್ಗೆ ನಿನಗೆ ಗೊತ್ತಿರೋದರಿಂದ ಕೇಳ್ತೀನಿ, ಹಾಗೆ ಆಗೋದು ಸಾಧ್ಯವಾ?

ವಿಚಾರಣೆ ಮುಗಿಯೋವರೆಗೆ ರೇಡಿಯೋದಲ್ಲಿ ಸ್ವಂತ ಮಾತು ಆಡಬಾರದು ಅಂದಿದ್ದಾರೆ. ದಡಕ್ಕೆ ಹೋದಾಗ ಫೋನ್ ಕೈಗೆತ್ತಿಕೊಂಡೆ, ನಿನ್ನ ದನಿ ಕೇಳಿದ್ರೆ ತಡೆಯಲ್ಲ ಅಂತ ಇಟ್ಟುಬಿಟ್ಟೆ. ಕಾಗದದಲ್ಲಾದ್ರೆ ಮುಖ ತೋರಿಸೋ ಹಾಗಿಲ್ಲ. ಅಮ್ಮನಿಗೆ ಹೇಳಬೇಡ.


ಮಾರ್ಚ್ ೧೪

ಗೂಬೆ, ನನ್ನ ಬಂಗಾರ,

ಓದಿದ ಕೂಡಲೇ ಬರೀತಿದ್ದೀನಿ. ಮಾವನ ಆಸ್ಪತ್ರೆಗೆ ಏನು ಬೇಕೋ ಬರಿ, ಸಂಕೋಚ ಮಾಡ್ಕೋಬೇಡ. ಅಮ್ಮನಿಗೆ ಹೇಳಿಲ್ಲ.

ನೀನು ಕೇಳಿದ್ದಕ್ಕೆ ನೇರವಾಗಿ ಹೇಳ್ತೀನಿ. ಸಾಧ್ಯವಿಲ್ಲ. ದಾಖಲೆ ಬರೆಯೋದೂ ಪರದೆ ತೋರಿಸೋದೂ ಒಂದೇ ಜಾಗದಿಂದ ಓದುತ್ವೆ. ಅಲ್ಲಿ ಮೂವತ್ತನಾಲ್ಕು ಇದ್ದ ಮೇಲೆ ಇಲ್ಲೂ ಅದೇ ಇರಬೇಕು. ಊಟ ಆದ ಹೊತ್ತು, ಬಿಸಿಲು, ಗಾಜಿನ ಹೊಳಪು, ಕಣ್ಣು ಮೋಸ ಮಾಡೋದು ದೊಡ್ಡದಲ್ಲ. ಅದರ ಹಿಂದಿನ ಓದು ಹನ್ನೊಂದು ಇದ್ದಿರಬೇಕು, ಅದೇ ತಲೆಯಲ್ಲಿ ಕೂತಿರುತ್ತೆ. ಎಡವದ ಕಾಲು ಯಾವುದು ಹೇಳು. ದಡಕ್ಕೆ ಹೋದಾಗ ಒಂದು ಸಲ ಕಣ್ಣು ತೋರಿಸ್ಕೊಂಡು ಬಾ.

ಸುಮ್ಮನೆ ಕೇಳ್ತೀನಿ, ಮೆಷಿನ್ ಬೆನ್ನಿಗೆ ಒಂದು ಚೀಟಿ ಅಂಟಿಸಿರ್ತಾರೆ. ಪ್ರೊಸೆಸರ್ ಯಾವುದು ಅಂತ ಅದರಲ್ಲಿರುತ್ತೆ. ಬರೆದು ಕಳಿಸು. ಅವಸರ ಏನಿಲ್ಲ.

ಅಕ್ಕ


ಮಾರ್ಚ್ ೨೨

ಅಕ್ಕ,

ಕಣ್ಣು ತೋರಿಸಿದೆ. ಡಾಕ್ಟರು ಕೊನೇ ಸಾಲಿನ ಅಕ್ಷರದವರೆಗೂ ಓದಿಸಿ, ಯಾಕೆ ಬಂದೆ ಅಂತ ಕೇಳಿದರು. ಹಾಗಾದ್ರೆ ಕೆಟ್ಟಿರೋದು ಕಣ್ಣಲ್ಲ, ತಲೆ. ಈಗ ಸೋಪಿನ ಪೊಟ್ಟಣದ ಮೇಲಿನ ಬೆಲೆಯನ್ನೂ ಬೆರಳಿಟ್ಟು ಮತ್ತೆ ಮತ್ತೆ ಓದ್ತೀನಿ. ಅಂಗಡಿಯವನು ಪಾಪ ಅನ್ನೋ ಹಾಗೆ ನೋಡ್ತಾನೆ.

ಚೀಟಿಯಲ್ಲಿದ್ದದ್ದನ್ನ ಈ ಕಾಗದದ ಹಿಂಬದಿ ಬರೆದಿದ್ದೀನಿ.

ಭಾನುವಾರ ಮಾವನ ಹತ್ತಿರ ಹೋಗಿದ್ದೆ. ಗೋಡೆ ಕಡೆ ತಿರುಗಿ ಮಲಗಿದ. ಹೊತ್ತು ಮುಗಿಯೋವರೆಗೆ ಸ್ಟೂಲಿನ ಮೇಲೆ ಕೂತಿದ್ದು ಎದ್ದು ಬಂದೆ. ನರ್ಸಮ್ಮ ನನ್ನನ್ನ ಮಗನಾ ಅಂತ ಕೇಳಿದಾಗ ಅವನೇ ಮೊದಲ ಸಲ ಬಾಯಿ ಬಿಟ್ಟು, ಅಲ್ಲ, ಅಂದ.

ವಿಚಾರಣೆಯವರು ತಪ್ಪೊಪ್ಪಿಗೆ ಟೈಪ್ ಮಾಡಿಸಿ ಇಟ್ಟಿದ್ದಾರೆ. ನಾನು ಸಹಿ ಹಾಕಿದ್ರೆ ಕೆಲಸ ಹೋಗುತ್ತೆ, ಅಲ್ಲಿಗೆ ಮುಗಿಯುತ್ತೆ. ಎರಡು ಸಲ ನೋಡಬೇಕಾದ ಕಡೆ ಒಂದೇ ಸಲ ಯಾಕೆ ನೋಡಿದೆ ಅಂತ ಕೇಳಿದರು. ಸೋಮಾರಿತನ ಅಂದೆ. ಅದು ಸುಳ್ಳೇನಲ್ಲ.

ಸಹಿ ಇನ್ನೂ ಹಾಕಿಲ್ಲ. ಯಾಕೆ ಅಂತ ನನಗೇ ಗೊತ್ತಿಲ್ಲ.


ಮಾರ್ಚ್ ೨೯
(ರಿಜಿಸ್ಟರ್ಡ್ ಅಂಚೆ)

ತಮ್ಮಾ,

ಗೂಬೆ ಅಂತ ಕರೆಯೋಕೆ ಇವತ್ತು ಬಾಯಿ ಬರ್ತಿಲ್ಲ.

ಪರದೆ ಮೇಲೆ ಹನ್ನೊಂದೇ ಇತ್ತು. ನೀನು ಸರಿಯಾಗೇ ನೋಡಿದ್ದೆ.

ನೀನು ಬರೆದು ಕಳಿಸಿದ ಪ್ರೊಸೆಸರನ್ನೇ ತರಿಸಿ ನನ್ನ ಕೋಡನ್ನ ಅದರ ಮೇಲೆ ಓಡಿಸಿದೆ. ಊಟದ ಬಿಡುವು ಮುಗಿಯೋದರೊಳಗೆ ಸಿಕ್ಕಿಬಿತ್ತು. ನಾವು ಕೋಡು ಬರೆದ ಕ್ರಮದಲ್ಲೇ ಪ್ರೊಸೆಸರ್ ಕೆಲಸ ಮಾಡುತ್ತೆ ಅಂತ ಏನಿಲ್ಲ. ಅದಕ್ಕೆ ಬೇಗ ಮುಗಿಸೋ ಆತುರ. ಅದರೊಳಗೆ ನಾಲ್ಕು ಕೋರುಗಳಿವೆ, ನಾಲ್ಕು ಜನ ಕೆಲಸದವರು ಅಂತಿಟ್ಟುಕೋ. ಒಬ್ಬನಿಗೆ 'ಮೊದಲು ಅಂಕಿ ಬರಿ, ಆಮೇಲೆ ಬಾವುಟ ಎತ್ತು' ಅಂತ ಹೇಳಿದ್ರೂ, ಪಕ್ಕದವನಿಗೆ ಬಾವುಟ ಮೊದಲು ಕಂಡು ಅಂಕಿ ಆಮೇಲೆ ಕಾಣಬಹುದು. ಊಟಕ್ಕೆ ಬನ್ನಿ ಅಂತ ಕೂಗಿದ್ದು ಕೇಳಿ ಬಂದು ಕೂತ್ರೆ ತಟ್ಟೆಯಲ್ಲಿ ನಿನ್ನೆಯದೇ ಇದ್ದ ಹಾಗೆ. ನಿನ್ನ ಪರದೆ ಬಾವುಟ ನೋಡಿತು, ಹಳೇ ಹನ್ನೊಂದನ್ನೇ ಹೊಸದು ಅಂತ ಎತ್ತಿಕೊಂಡಿತು, ಬಾವುಟ ಇಳಿಸಿ ಮುಂದಿನ ಹತ್ತು ನಿಮಿಷ ಸುಮ್ಮನಾಯಿತು. ದಾಖಲೆ ಇಡೋ ಪ್ರೋಗ್ರಾಮ್ ಬರೆಯೋನಿದ್ದ ಕೋರಿನಲ್ಲೇ ಓಡ್ತಿತ್ತು, ಅದಕ್ಕೆ ಸರಿಯಾದದ್ದು ಸಿಕ್ಕಿತು.

ಇದನ್ನ ತಡೆಯೋಕೆ ನಡುವೆ ಬೇಲಿ ಹಾಕಬೇಕು. ಬರೆಯೋ ಕಡೆ ಒಂದು, ಓದೋ ಕಡೆ ಒಂದು. ಮೆಮೊರಿ ಬ್ಯಾರಿಯರ್ ಅಂತೀವಿ. ಹಳೇ ಲಾಕಿನ ಒಳಗೇ ಆ ಬೇಲಿ ಇತ್ತು, ಲಾಕ್ ಕಿತ್ತಾಗ ಅದೂ ಹೋಯಿತು. ನನಗೆ ಗೊತ್ತಿರಲಿಲ್ಲ ಅಂತ ಅಂದ್ಕೋಬೇಡ. ಗೊತ್ತಿತ್ತು. ಹಾಕಿ ನೋಡಿದೆ, ವೇಗ ಒಂಚೂರು ಇಳಿಯಿತು. ತೆಗೆದು ನೋಡಿದೆ, ನನ್ನ ಮೇಜಿನ ಮೆಷಿನ್ನಿನಲ್ಲಿ ಏನೂ ಆಗಲಿಲ್ಲ. ಆ ಪ್ರೊಸೆಸರ್ ಶಿಸ್ತಿನದು, ಬರೆಯೋ ಕ್ರಮ ತಪ್ಪಿಸಲ್ಲ. ನಿನ್ನದು ಹಾಗಲ್ಲ. ಆ ಒಂಚೂರು ವೇಗಕ್ಕೇ ಮೀಸೆ ಚಪ್ಪಾಳೆ ತಟ್ಟಿಸಿದ್ದು.

ಇನ್ನೊಂದು. ಮಾರ್ಚ್ ಹದಿನಾಲ್ಕಕ್ಕೆ ನಿನಗೆ 'ಸಾಧ್ಯವಿಲ್ಲ' ಅಂತ ಬರೆದು, ಅದೇ ಕಾಗದದಲ್ಲಿ ಚೀಟಿ ಕೇಳಿದೆನಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ನನಗೆ ಆಗಲೇ ಅನುಮಾನ ಇತ್ತು. ಇದ್ದೂ ನಿನ್ನನ್ನ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದೆ. ಒಂದೇ ಸಲ ಯಾಕೆ ನೋಡಿದೆ ಅಂದಾಗ ನೀನು ಸೋಮಾರಿತನ ಅಂದೆ, ನನ್ನ ಹೆಸರು ಎತ್ತಲಿಲ್ಲ.  ನಿನಗೆ ಫೋನಿನಲ್ಲಿ ಹೇಳೋ ಮುಖ ನನಗಿಲ್ಲ.

ಈಗ ಕೇಳು. ಅವರ ತಪ್ಪೊಪ್ಪಿಗೆಗೆ ಸಹಿ ಹಾಕಬೇಡ. ಇದೇ ಲಕೋಟೆಯಲ್ಲಿ ಬೇರೊಂದು ಹೇಳಿಕೆ ಬರೆದಿಟ್ಟಿದ್ದೀನಿ, ನಡೆದದ್ದು ನಡೆದ ಹಾಗೆ. ನಾಳೆ ಮೀಸೆಗೆ ಎಲ್ಲಾ ಹೇಳ್ತೀನಿ. ಕಂಪನಿಯಿಂದ ವಿಚಾರಣೆಯವರಿಗೆ ಕಾಗದ ಹೋದ ಮೇಲೆ ನಿನಗೆ ಎರಡು ಸಾಲು ಬರೀತೀನಿ. ಅದು ಬಂದ ಮೇಲೆ ಈ ಹೇಳಿಕೆಗೆ ಸಹಿ ಹಾಕು.

ಅಕ್ಕ


ಏಪ್ರಿಲ್ ೨

ತಮ್ಮಾ,

ಹೇಳಿ ಆಯಿತು. ಇನ್ನು ತಡ ಮಾಡಬೇಡ, ಸಹಿ ಹಾಕಿ ಕೊಟ್ಟುಬಿಡು. ನನ್ನ ಮನಸ್ಸೂ ಹಗುರಾಗುತ್ತೆ.

ಅಕ್ಕ


ಏಪ್ರಿಲ್ ೮

ಅಕ್ಕ,

ನಿನ್ನ ಎರಡು ಸಾಲು ಸಿಕ್ಕಿತು. ಈಗ ಮಾವ ಇಲ್ಲದೆ ಟಪಾಲಿಗೆ ಗತಿಯಿಲ್ಲ, ಮೀನು ಹಿಡಿಯೋರು ಈ ಕಡೆ ಬಂದಾಗ ಕೈಗೆ ಬಂದಷ್ಟು ತಂದು ಎಸೆದು ಹೋಗ್ತಾರೆ.

ಸಹಿ ಹಾಕಿ ಕೊಟ್ಟೆ. ನಿಜ ಹೇಳಬೇಕಂದ್ರೆ ಇಷ್ಟು ದಿನ ಹಾಕದೆ ನಿನಗೋಸ್ಕರ ಕಾಯ್ತಿದ್ದೆ ಅಂತ ಕಾಣುತ್ತೆ. ನೀನು ಏನಾದ್ರೂ ಬೇರೆ ಹೇಳ್ತೀಯಾ ಅಂತ. ಮೆಷಿನ್ ಬುಡ ಬಲ್ಲವಳೇ ಸಹಿ ಹಾಕು ಅಂದ ಮೇಲೆ ಇನ್ನೇನು ಉಳಿಯಿತು? ಯಜಮಾನರು ಒಂದು ವಾರ ಯೋಚಿಸು ಅಂದರು. ಅಕ್ಕನೇ ಹೇಳಿದ್ದಾಳೆ ಅಂದೆ. 

ಹೇಳಿ ಆಯಿತು ಅಂದ್ರೆ ಅಮ್ಮನಿಗಾ? ಹೇಳಬೇಡ ಅಂದಿದ್ದೆ. ಪರವಾಗಿಲ್ಲ. ನಿನ್ನ ಮನಸ್ಸು ಹಗುರಾದರೆ ಸರಿ.

ತಿಂಗಳ ಕೊನೆಗೆ ಬಂಡೆ ಬಿಡಬೇಕು. ಮನೆಗೆ ಬರಲ್ಲ. ಅಮ್ಮನ ಮುಂದೆ ಹೇಗೆ ನಿಲ್ಲಲಿ.


ಏಪ್ರಿಲ್ ೧೩

ತಮ್ಮಾ,

ಸಹಿ ಹಾಕು ಅಂದದ್ದು ಅದಕ್ಕಲ್ಲ. ಅದಕ್ಕಲ್ಲ ಕಣೋ. ಅದಕ್ಕೂ ಮುಂಚೆ ಒಂದು ದೊಡ್ಡ ಕಾಗದ ಕಳಿಸಿದ್ದೆ, ರಿಜಿಸ್ಟರ್ ಮಾಡಿ. ಅದು ನಿನ್ನ ಕೈ ಸೇರಿಲ್ಲ ಅಂತ ಇವತ್ತು ಗೊತ್ತಾಯಿತು. ಅಂಚೆ ಕಚೇರಿಗೆ ಹೋಗಿ ಜಗಳ ಆಡಿದೆ. ರಿಜಿಸ್ಟರ್ ಕಾಗದ ಸಹಿ ತಗೊಂಡು ಕೊಡಬೇಕಂತೆ, ಆ ಬಂಡೆಗೆ ಹಾಗೆ ಒಯ್ಯೋ ಅಧಿಕಾರ ಇದ್ದದ್ದು ಮಾವನಿಗೊಬ್ಬನಿಗೇ ಅಂತೆ. ಅವನು ಆಸ್ಪತ್ರೆಯಲ್ಲಿ. ಕಾಗದ ಬಂದರಿನ ಆಫೀಸಿನ ಕಪಾಟಿನಲ್ಲಿ. ಎರಡನೇ ತಾರೀಕಿನ ಎರಡು ಸಾಲಿನ ಕಾಗದ ಮಾತ್ರ ಮೀನಿನ ದೋಣಿ ಹತ್ತಿ ಮುಂಚೆ ಬಂತು.

ಮೊದಲು ಬರೆದದ್ದು ಮೊದಲು ತಲುಪುತ್ತೆ ಅಂತ ಅಂದ್ಕೊಂಡೆ. ಲೋಕದಲ್ಲಿ ಯಾರು ಬೇಕಾದ್ರೂ ಹಾಗೆ ಅಂದ್ಕೋಬಹುದು, ನಾನು ಅಂದ್ಕೋಬಾರದಿತ್ತು. ನನ್ನ ಕಸುಬೇ ಅದು.

ಆದರೆ ಅಂಚೆಯವರನ್ನ ಬೈದು ಕೈ ತೊಳ್ಕೊಳ್ಳೋಕೆ ಆಗಲ್ಲ. ಇನ್ನೂ ಒಂದಿದೆ. ವಿಚಾರಣೆಯವರಿಗೆ ಕಾಗದ ಹೋದ ಮೇಲೆ ಎರಡು ಸಾಲು ಬರೀತೀನಿ ಅಂತ ಮಾತು ಕೊಟ್ಟಿದ್ದೆ. ಎರಡನೇ ತಾರೀಕು ಆ ಸಾಲು ಬರೆದಾಗ ಯಾವ ಕಾಗದವೂ ಹೋಗಿರಲಿಲ್ಲ. ಮೀಸೆಗೆ ಹೇಳಿದ್ದೆ, ಅಷ್ಟೇ. ಅವರು "ನೋಡೋಣ, ಬರೆಸೋಣ" ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರು. ಮುಖ್ಯಸ್ಥೆಯ ಕುರ್ಚಿಯಲ್ಲಿ ನಾನು ಆಗಷ್ಟೇ ಕೂತಿದ್ದೆ. ಅವರು ಬರೆಸ್ತಾರೆ ಅಂತ ನಂಬಿದರೆ ನಾನು ಬರೆಯೋದು ತಪ್ಪುತ್ತೆ. ಅದಕ್ಕೆ ನಂಬಿದೆ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದೆ. ನಿನಗೆ 'ಆಯಿತು' ಅಂತ ಬರೆದು ಆ ಸಂಜೆ ನೆಮ್ಮದಿಯಾಗಿ ಊಟ ಮಾಡಿದೆ.

ನಿನ್ನೆ ಮೀಸೆ ನನ್ನನ್ನ ಕರೆದು, ನಿನ್ನ ತಪ್ಪೊಪ್ಪಿಗೆಯ ಪ್ರತಿ ಮೇಜಿನ ಮೇಲೆ ಇಟ್ಟರು. "ಹುಡುಗನೇ ಒಪ್ಪಿಕೊಂಡಿದ್ದಾನಲ್ಲಮ್ಮ. ಬೇಲಿಯನ್ನ ಮುಂದಿನ ಅಪ್‌ಡೇಟಿನಲ್ಲಿ ಹಾಕಿಬಿಡಿ, ಸದ್ದಿಲ್ಲದೆ," ಅಂದರು. ಕೋತಿ ತಾನು ಮೊಸರು ತಿಂದು ಮೇಕೆ ಮೂತಿಗೆ ಒರೆಸಿತಂತೆ. ಇಲ್ಲಿ ಮೇಕೆ ತಾನೇ ಬಂದು ಮೂತಿ ಒಡ್ಡಿದೆ, ಒಡ್ಡು ಅಂತ ಬರೆದವಳೂ ನಾನೇ.

ಇವತ್ತು ಬೆಳಗ್ಗೆ ನನ್ನ ಹೆಸರಿನಲ್ಲಿ, ಕೋಡಿನ ಸಮೇತ, ವಿಚಾರಣೆಯವರಿಗೆ ಇ-ಮೇಲ್ ಕಳಿಸಿದೆ. ಅವರು ಫೋನ್ ಮಾಡಿ, ಸಿಕ್ಕಿತು ಅಂತ ಹೇಳಿದ ಮೇಲೆ ಇದನ್ನ ಬರೀತಿದ್ದೀನಿ. ಕಂಪನಿಯಲ್ಲಿ ನನ್ನ ಕುರ್ಚಿ ಹೋಯಿತು, ಅದನ್ನ ಹೇಳಿ ನಿನ್ನ ಕನಿಕರ ಕೇಳ್ತಿಲ್ಲ. ಅಮ್ಮನಿಗೂ ಎಲ್ಲಾ ಹೇಳಿದೆ. ಅವಳು ನನ್ನ ಜೊತೆ ಮಾತಾಡ್ತಿಲ್ಲ. ನಿನ್ನ ಮಂಚಕ್ಕೆ ಹೊಸ ಹಾಸಿಗೆ ಹಾಕಿಸಿದ್ದಾಳೆ.

ಅಕ್ಕ


ಏಪ್ರಿಲ್ ೨೭

ಅಕ್ಕ,

ಈ ಕಾಗದ ತಡವಾಯಿತು. ಬೇಕಂತಲೇ.

ನಿನ್ನ ಹದಿಮೂರನೇ ತಾರೀಕಿನದು ಬಂದ ಮೇಲೆ ಯಜಮಾನರ ಜೊತೆ ಹೋಗಿ ಬಂದರಿನ ಕಪಾಟಿನಿಂದ ದೊಡ್ಡದನ್ನೂ ಬಿಡಿಸಿಕೊಂಡೆ. ಆಫೀಸಿನ ಬೆಂಚಿನ ಮೇಲೆ ಕೂತು ಓದಿದೆ. 'ಪರದೆ ಮೇಲೆ ಹನ್ನೊಂದೇ ಇತ್ತು' ಅನ್ನೋ ಎರಡನೇ ಸಾಲಿಗೆ ನಿಂತು, ಅದನ್ನ ಯಜಮಾನರಿಗೆ ತೋರಿಸಿದೆ. ಯಜಮಾನರು ನನ್ನ ಭುಜದ ಮೇಲೆ ಕೈ ಇಟ್ಟು, ನಾನೂ ನಿನ್ನನ್ನ ನಂಬಲಿಲ್ಲ ಕಣೋ, ಅಂದರು. ಅವರ ಮುಖ ನೋಡೋಕೆ ನನಗೇ ನಾಚಿಕೆ ಆಯಿತು.

ಆಮೇಲೆ ಮಾವನ ಹತ್ತಿರ ಹೋದೆ. ಗೋಡೆ ಕಡೆ ತಿರುಗಿಕೊಂಡ. ತಿರುಗಿಕೊಂಡೇ ಇರಲಿ ಅಂತ ನಿನ್ನ ಕಾಗದವನ್ನ ಅವನ ಬೆನ್ನಿಗೆ ಓದಿದೆ. ಲಾಕು, ಬಾವುಟ, ಬೇಲಿ, ಒಂದನ್ನೂ ಬಿಡಲಿಲ್ಲ. ಮುಗಿದ ಮೇಲೆ ಕೇಳಿದ:

"ಇನ್ನೊಂದು ಸಲ ನೋಡಿದ್ರೆ?"

"ಮೂವತ್ತನಾಲ್ಕು ಕಾಣ್ತಿತ್ತು ಮಾವ."

"ಹಾಗಾದ್ರೆ ಇದು ಇಬ್ಬರದೂ."

ಹೌದು ಅಂದೆ. ಅದು ನಿಜ. ಒಂದೇ ಸಲ ನೋಡಿದ್ದು ನನ್ನ ಕಣ್ಣು, ನನ್ನ ಪಾಳಿ. ಅದನ್ನ ನಿನ್ನ ತಲೆಗೆ ಕಟ್ಟಲ್ಲ. ಹೊಸ ಹೇಳಿಕೆಯಲ್ಲೂ ಹಾಗೇ ಬರೆದೆ, ನೀನು ಬರೆದಿಟ್ಟದ್ದು ನನ್ನನ್ನ ತುಂಬಾ ಒಳ್ಳೆಯವನನ್ನಾಗಿ ಮಾಡಿತ್ತು.

ಆಮೇಲೆ ಅವನು ಈ ಕಡೆ ತಿರುಗಿದ. ಆವತ್ತಿನಿಂದ ಮೊದಲ ಸಲ ನನ್ನ ಮುಖ ನೋಡಿ, "ಹನ್ನೊಂದೇ ಕಂಡಿತ್ತು ಅಂದ್ರೆ ಆವತ್ತೇ ಗಟ್ಟಿಯಾಗಿ ಹೇಳೋಕೆ ಏನಾಗಿತ್ತು ನಿನಗೆ? ಸ್ಟೂಲಿನ ಮೇಲೆ ಕೂತು ಕೂತು ಎದ್ದು ಹೋಗ್ತಿದ್ದೆ," ಅಂದ. 

ಅದಕ್ಕೆ ಉತ್ತರವನ್ನ ನಿನ್ನ ಮುಂದೆ ಹೇಳಬಹುದು. ನನಗೆ ಹನ್ನೊಂದು ಕಂಡಿತ್ತು. ಲೋಕದಲ್ಲಿ ಗೊತ್ತಿರೋದು ಒಬ್ಬಳಿಗೇ ಅಂತ ಅವಳನ್ನ ಕೇಳಿದೆ. ಅವಳು ಸಾಧ್ಯವಿಲ್ಲ ಅಂದಳು. ನನ್ನ ಕಣ್ಣಿಗಿಂತ ಅವಳನ್ನ ನಂಬಿದೆ ಅಕ್ಕ. ಕಾಲು ಹೋದದ್ದಕ್ಕೆ ನಿನ್ನನ್ನ ಇವತ್ತಲ್ಲ ನಾಳೆ ಕ್ಷಮಿಸ್ತೀನಿ. ಇದನ್ನ ಹೇಗೆ ಕ್ಷಮಿಸೋದು ಅಂತ ನನಗೆ ಗೊತ್ತಾಗ್ತಿಲ್ಲ.

ವಿಚಾರಣೆ ಮತ್ತೆ ತೆರೆದಿದ್ದಾರೆ. ಮೇ ಹನ್ನೆರಡು, ಬಂದರಿನ ಸಭಾಂಗಣ. ನಿನ್ನನ್ನ ಕರೀತಾರೆ. ಕರೆದುಕೊಂಡು ಹೋಗೋಕೆ ನಾನು ಬಸ್ ನಿಲ್ದಾಣಕ್ಕೆ ಬರಲ್ಲ, ಯಜಮಾನರು ಬರ್ತಾರೆ. ಒಳಗೆ ಮಾವನ ಗಾಲಿಕುರ್ಚಿ ಪಕ್ಕ ಕೂತಿರ್ತೀನಿ. ಅವನಿಗೆ ಬಾವುಟ ಬೇಲಿ ಒಂದೂ ಅರ್ಥ ಆಗಿಲ್ಲ, ನನಗೂ ಅರ್ಧವೇ ಆಗಿರೋದು. ಅದನ್ನೆಲ್ಲ ವಿಚಾರಣೆಯವರಿಗೆ ಆಮೇಲೆ ವಿವರಿಸು. ಮೊದಲು ಎದ್ದು ನಿಂತು, ಹುಡುಗ ನೋಡಿದ್ದು ಸರಿ ಅಂತ ಹೇಳು. ಸಭಾಂಗಣ ದೊಡ್ಡದು, ಮೈಕ್ ಕೆಟ್ಟಿದೆ, ಗಟ್ಟಿಯಾಗಿ ಹೇಳಬೇಕು.

ತಮ್ಮ